ಯಾರದೂ ಅಲ್ಲದ ಎರಡು ಮೊಳ

ಇಂದ:
ಎರಡನೇ ದರ್ಜೆಯ ನಕ್ಷೆಗಾರ,
ಕಿಟಕಿ ಪಕ್ಕದ ಮೇಜು,
ಮನೆ ಮತ್ತು ನಿವೇಶನ ನಕ್ಷೆ ಕಚೇರಿ.

ಗೆ:
ಮಾನ್ಯ ಮುಖ್ಯ ನಕ್ಷಾಧಿಕಾರಿಗಳು,
ಗಾಜಿನ ಕೋಣೆ, ಅದೇ ಕಚೇರಿ
(ಮೇಲ್ಕಂಡ ಮೇಜಿನಿಂದ ಕೂಗಿದರೆ ಕೇಳಿಸುವಷ್ಟು ದೂರ; ಆದರೂ ಬರವಣಿಗೆಯಲ್ಲೇ ಬರಬೇಕೆಂಬ ನಿಯಮವಿರುವುದರಿಂದ ಈ ಕಾಗದ).

ವಿಷಯ: ಪಕ್ಕಪಕ್ಕದ ಎರಡು ಮನೆಗಳ ಪಾಲಿಗನ್‌ಗಳನ್ನು (ನಕ್ಷೆಯಲ್ಲಿ ಗಡಿಯ ಸುತ್ತ ಗೆರೆ ಎಳೆದ ಆಕೃತಿಗಳನ್ನು) ದಾಖಲೆಯ ವಿಸ್ತೀರ್ಣಕ್ಕೆ ಕುಗ್ಗಿಸಿದಾಗ ನಡುವೆ ಉಂಟಾದ, ಯಾರ ಹೆಸರಿಗೂ ಸೇರದ ಎರಡು ಮೊಳ ಅಗಲದ ಜಾಗದ ಬಗ್ಗೆ.

ಉಲ್ಲೇಖ:
1. ತಮ್ಮ ಕೆಂಪು ಶಾಯಿಯ ಚೀಟಿ: “ಈ ಸಂದು ಏನಿದು? ಕೂಡಲೇ ಮುಚ್ಚಿ.”
2. ಅರ್ಜಿದಾರನ ತಾಯಿಯವರ ಮೌಖಿಕ ಆದೇಶ, ಪಾತ್ರೆ ತೊಳೆಯುತ್ತ ನೀಡಿದ್ದು.
3. ಅರ್ಜಿದಾರನ ದೊಡ್ಡಮ್ಮನವರ ಮೌಖಿಕ ಆದೇಶ, ಅದೇ ಹೊತ್ತಿಗೆ ಆಚೆ ಮನೆಯ ಕಿಟಕಿಯಿಂದ ನೀಡಿದ್ದು, ಕ್ರಮಸಂಖ್ಯೆ 2ಕ್ಕೆ ಪೂರ್ತಿ ವಿರುದ್ಧವಾದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಕಚೇರಿಯ ಅರ್ಜಿಗಳಲ್ಲಿ ‘ನಾನು’, ‘ನನ್ನ’ ಎಂಬ ಪದಗಳನ್ನು ಬಳಸಕೂಡದೆಂದು ತಾವೇ ಹೊರಡಿಸಿದ ಸುತ್ತೋಲೆಯನ್ನು ಕುಡಿಯುವ ನೀರಿನ ಕ್ಯಾನಿನ ಮೇಲೆ ಅಂಟಿಸಲಾಗಿರುವ ಕಾರಣ, ಇಲ್ಲಿ ಬರುವ ಬಡಪಾಯಿಯನ್ನು ಉದ್ದಕ್ಕೂ ‘ಅರ್ಜಿದಾರ’ ಎಂದೇ ಕರೆಯಲಾಗಿದೆ. ಅವನು ಬೇರೆ ಯಾರೋ ಎಂಬಂತೆ ಓದಿಕೊಂಡರೆ ತಮಗೂ ಅವನಿಗೂ ಮುಜುಗರ ಕಡಿಮೆ. ಪ್ರಕರಣದ ವಿವರ ಈ ಕೆಳಗಿನಂತಿದೆ.

1. ಅರ್ಜಿದಾರನಿಗೆ ತಾಯಂದಿರು ಇಬ್ಬರು. ಹೆತ್ತವಳು ಅಮ್ಮ, ಅಮ್ಮನ ಅಕ್ಕ ದೊಡ್ಡಮ್ಮ. ಅಮ್ಮ ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದವಳು, ದೊಡ್ಡಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಇಬ್ಬರೂ ದುಡಿಯುತ್ತಿದ್ದ ಕಾಲದಲ್ಲಿ ಜೊತೆಯಾಗಿ ಜಾಗ ಕೊಂಡು, ಆ ತುದಿಗೊಂದು ಈ ತುದಿಗೊಂದು ಮನೆ ಕಟ್ಟಿ, ನಡುವೆ ಗೋಡೆ ಹಾಕದೆ ಅಂಗಳ ಬಿಟ್ಟರು. “ನಮ್ಮಿಬ್ಬರ ಮಧ್ಯೆ ಎಂಥ ಗೋಡೆ?” ಎಂದು ಆಗ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದರಂತೆ. ಆ ಮಾತನ್ನು ಹೇಳಿದ್ದು ಯಾರು ಎಂಬ ಬಗ್ಗೆಯೂ ಈಗ ತಕರಾರಿದೆ. ಅಮ್ಮ ಹೊಡೆಯಲು ಬಂದರೆ ದೊಡ್ಡಮ್ಮನ ಮನೆಗೆ ಓಡುವುದು, ದೊಡ್ಡಮ್ಮ ಬೈದರೆ ಅಮ್ಮನ ಮನೆಗೆ ಓಡುವುದು, ಹೀಗೆ ಓಡಿ ಓಡಿಯೇ ಅರ್ಜಿದಾರ ದೊಡ್ಡವನಾದ. ಆದ್ದರಿಂದ ಈ ಅಂಗಳದ ಬಗ್ಗೆ ಮಾತಾಡುವ ಹಕ್ಕು ಅವನಿಗೂ ಸ್ವಲ್ಪ ಇದೆ ಎಂದು ಭಾವಿಸಲಾಗಿದೆ.

2. ಜಗಳದ ಮೂಲ ಒಂದು ಒದ್ದೆ ಹೊದಿಕೆ. ಅಂಗಳದ ನಡುವೆ ಬಟ್ಟೆ ಹಗ್ಗ ಕಟ್ಟುವ ಕಬ್ಬಿಣದ ಕಂಬವಿದೆ. ದೊಡ್ಡಮ್ಮ ಒಂದು ದಿನ ಸರಿಯಾಗಿ ಹಿಂಡದೆ ಹೊದಿಕೆ ಹಾಕಿದಳು. ಅದರ ನೀರು, ಕೆಳಗೆ ಕುರ್ಚಿ ಹಾಕಿಕೊಂಡು ಪೇಪರಿನ ಪದಬಂಧ ತುಂಬುತ್ತಿದ್ದ ಅಮ್ಮನ ಮೇಲೆ ಬಿತ್ತು. ಅಮ್ಮನ ಮೇಲೆ ಬಿದ್ದಿದ್ದರೆ ಹೋಗಲಿ, ಪದಬಂಧದ ಮೇಲೂ ಬಿತ್ತು. ಮರುದಿನ ಬೆಳಿಗ್ಗೆ ಅಮ್ಮ ಕಂಬವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕೀಳಲು ನಿಂತಿದ್ದಳು.

“ನನ್ನ ಅಂಗಳದ ಕಂಬ ಕೀಳೋಕೆ ನೀನ್ಯಾರೇ?” ಎಂದಳು ದೊಡ್ಡಮ್ಮ.

“ನಿನ್ನ ಅಂಗಳವಾ? ಎಲ್ಲಿಂದ ಎಲ್ಲಿಗೆ ನಿನ್ನ ಅಂಗಳ? ಗೆರೆ ಎಳೆದು ತೋರಿಸು, ನೋಡೋಣ!”

ಗೆರೆ ಎಳೆದು ತೋರಿಸಲು ಇಬ್ಬರಿಂದಲೂ ಆಗಲಿಲ್ಲ. ಯಾಕೆಂದರೆ ಆ ಅಂಗಳದಲ್ಲಿ ಗೆರೆ ಎಂಬುದೇ ಇರಲಿಲ್ಲ. ತೋರಿಸಲಾಗದ ಸಿಟ್ಟಿಗೆ ಇಬ್ಬರೂ ಆಡಬಾರದ್ದನ್ನೆಲ್ಲ ಆಡಿದರು. ಕಂಬ ಮಾತ್ರ ಬೀಳಲಿಲ್ಲ, ಸ್ವಲ್ಪ ವಾಲಿತು. ಅವತ್ತಿನಿಂದ ಅಮ್ಮನ ಬಾಯಲ್ಲಿ ‘ಅಕ್ಕ’ ಹೋಗಿ ‘ಆಚೆ ಮನೆಯವರು’ ಬಂತು.

3. ಊರಿನವರ ಲೈನುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ‘ಮಾತಾಡಿ, ಮಾತಾಡಿ’ ಎನ್ನುತ್ತಿದ್ದ ದೊಡ್ಡಮ್ಮ ಸ್ವಂತ ತಂಗಿಯ ಜೊತೆ ಮಾತು ಬಿಟ್ಟಳು. ಎಕ್ಸ್‌ಚೇಂಜಿನ ಕೆಲಸ ಅರ್ಜಿದಾರನ ತಲೆಗೆ ಬಂತು.

“ನಿಮ್ಮಮ್ಮನಿಗೆ ಹೇಳು, ನೀರಿನ ಮೋಟರ್ ಆಫ್ ಮಾಡೋಕೆ ಮರೆತಿದ್ದಾಳೆ.”

“ಆಚೆ ಮನೆಯವರಿಗೆ ಹೇಳು, ನನಗೂ ಕಿವಿ ಇದೆ.”

ಇಬ್ಬರಿಗೂ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಅರ್ಜಿದಾರ ಪ್ರತಿಯೊಂದನ್ನೂ ಇನ್ನೊಮ್ಮೆ ಹೇಳಬೇಕು. ಹೇಳದಿದ್ದರೆ ಅದು ತಲುಪಿದ ಹಾಗಲ್ಲ. ಕೆಲವು ಆದೇಶಗಳಂತೂ ಬಲು ಕಷ್ಟ. “ಆಚೆ ಮನೆಯವರು ಬಿ.ಪಿ. ಮಾತ್ರೆ ತಗೊಂಡ್ರಾ ಕೇಳ್ಕೊಂಡು ಬಾ. ನಾನು ಕೇಳಿದೆ ಅಂತ ಮಾತ್ರ ಹೇಳಬೇಡ,” ಎನ್ನುವಳು ಅಮ್ಮ. ಅತ್ತ ಹೋದರೆ ದೊಡ್ಡಮ್ಮ, “ತಗೊಂಡೆ ಅಂತ ಹೇಳು. ನಾನು ಹೇಳಿದೆ ಅಂತ ಹೇಳಬೇಡ,” ಎನ್ನುವಳು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಅಕ್ಕತಂಗಿಯರ ಜಗಳದಲ್ಲಿ ಬಡವಾದ ಕೂಸಿಗೆ ಈಗ ನಲವತ್ತು ದಾಟಿದೆ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

4. ಇಷ್ಟೇ ಆಗಿದ್ದರೆ ಅರ್ಜಿದಾರ ಹಲ್ಲು ಕಚ್ಚಿಕೊಂಡು ಇರುತ್ತಿದ್ದ. ಆದರೆ ಒಂದು ಬೆಳಿಗ್ಗೆ ದೊಡ್ಡಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. “ಗಡಿ ಹಾಕಿದ ನಕ್ಷೆ ಒಂದು ಕೈಗೆ ಬರಲಿ, ಈ ಮನೆ ಮಾರಿ ಮಗಳ ಊರಿಗೆ ಹೋಗ್ತೀನಿ. ಅಲ್ಲಿ ನನಗೆ ಅಂತ ಒಂದು ಕೋಣೆ ಖಾಲಿ ಇಟ್ಟಿದ್ದಾಳೆ.”

ಅರ್ಜಿದಾರ ಎಂದಿನಂತೆ ಈಚೆ ಬಂದು ಮಾತು ತಲುಪಿಸಿದ. ಅಮ್ಮ ಪಾತ್ರೆ ಉಜ್ಜುತ್ತಿದ್ದಳು. “ಹೋಗಲಿ. ಸಂತೋಷವಾಗಿ ಹೋಗಲಿ. ನೀನು ಕೆಲಸ ಮಾಡೋದು ಅದೇ ಕಚೇರಿಯಲ್ಲಿ ತಾನೇ? ನಕ್ಷೆ ಬೇಗ ಮಾಡಿಕೊಡು.” ಆಚೆ ಕಿಟಕಿಯಿಂದ ದೊಡ್ಡಮ್ಮ, “ಅವಸರ ಏನೂ ಇಲ್ಲ, ಸರಿಯಾಗಿ ಮಾಡಲಿ ಅಂತ ಹೇಳು,” ಎಂದಳು. ಬೇಗ ಹೋಗಲಿ ಎಂದ ಅಮ್ಮ ಅವತ್ತು ಉಜ್ಜಿದ ಪಾತ್ರೆಯನ್ನೇ ಮತ್ತೆ ಮತ್ತೆ ಉಜ್ಜಿದಳು, ಮಧ್ಯಾಹ್ನ ತಟ್ಟೆ ಮುಂದೆ ಕೂತು ಒಂದು ತುತ್ತೂ ತಿನ್ನಲಿಲ್ಲ.

ಸಾಹೇಬರೇ, ಇದರ ಅರ್ಥ ಇಷ್ಟೇ. ನಕ್ಷೆ ಮುಗಿದರೆ ದೊಡ್ಡಮ್ಮ ಹೊರಡುತ್ತಾಳೆ. ಅವಳು ಹೊರಡುವುದು ಅಮ್ಮನಿಗೆ ಬೇಡ, ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡಮ್ಮನಿಗೂ ಬೇಡ, ಆಡಿದ ಮಾತು ಹಿಂದಕ್ಕೆ ತಗೊಳ್ಳುವುದಿಲ್ಲ. ಅರ್ಜಿದಾರನಿಗಂತೂ ಬೇಡವೇ ಬೇಡ. ಅವನು ಅಡಕತ್ತರಿಯಲ್ಲಿ ಸಿಕ್ಕ ಹಾಗೆ ಕೂತಿದ್ದ.

5. ವಿಧಿಯ ಆಟವೋ ತಮ್ಮ ಹಂಚಿಕೆಯ ಆಟವೋ, ಆ ಬೀದಿಯ ನಕ್ಷೆಹಾಳೆ ಅರ್ಜಿದಾರನ ಮೇಜಿಗೇ ಬಂತು. ಪಕ್ಕದ ಮೇಜಿನ ಸಹೋದ್ಯೋಗಿ, ನಕ್ಷೆಯಲ್ಲಿ ಒಂದು ಚುಕ್ಕಿ ತಪ್ಪಿದರೂ ಊಟ ಬಿಡುವ ಕಾರಣ ನಾವೆಲ್ಲ ‘ಚುಕ್ಕಿ ಅಕ್ಕ’ ಎಂದು ಕರೆಯುವವರು, ಕೂಡಲೇ ಎಚ್ಚರಿಸಿದರು. “ನಿಮ್ಮ ಮನೆ ನಕ್ಷೆ ನೀವೇ ಮಾಡೋದಾ? ಡಾಕ್ಟರು ತಮ್ಮ ಹೊಟ್ಟೆ ತಾವೇ ಕೊಯ್ಕೊಂಡ ಹಾಗಾಗುತ್ತೆ. ಸಾಹೇಬರಿಗೆ ಹೇಳಿ ವಾಪಸ್ ಕೊಡಿ.” ಅರ್ಜಿದಾರ ಕೊಡಲಿಲ್ಲ. ಬೇರೆಯವರ ಕೈಗೆ ಹೋದರೆ ಮೂರು ದಿನದಲ್ಲಿ ಮುಗಿಯುತ್ತದೆ, ತನ್ನ ಕೈಯಲ್ಲಿದ್ದರೆ ಎಳೆಯಬಹುದು ಎಂದು ಅವನ ಲೆಕ್ಕ.

6. ಎಳೆದೆಳೆದು ಇನ್ನು ಎಳೆಯಲಾರದೆ ಕೊನೆಗೆ ಕೆಲಸ ಶುರುಮಾಡಲಾಯಿತು. ಮೇಲಿನಿಂದ ತೆಗೆದ ಫೋಟೋದ ಮೇಲೆ ಗೆರೆ ಎಳೆದು ಎರಡು ಪಾಲಿಗನ್ ಮಾಡಿದಾಗ ಒಂದೊಂದೂ ಇನ್ನೂರ ನಲವತ್ತು ಚದರ ಮೀಟರ್ ಬಂತು. ದಾಖಲೆಯಲ್ಲಿ ಇರುವುದು ಇನ್ನೂರ ಹತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ವಯಸ್ಸಾದಂತೆ ಮನೆಗಳೂ ನಮ್ಮ ಹಾಗೆಯೇ ಸುತ್ತಲೂ ಸ್ವಲ್ಪ ಹರಡಿಕೊಳ್ಳುತ್ತವೆ. ಮೆಟ್ಟಿಲು ಬೀದಿಗೆ ಇಳಿಯುತ್ತದೆ, ಹೂಕುಂಡಗಳು ಹಿಂದಿನ ಓಣಿಗೆ ಸರಿಯುತ್ತವೆ. ಫೋಟೋಗೂ ದಾಖಲೆಗೂ ತಾಳೆಯಾಗದಿದ್ದರೆ ದಾಖಲೆಯೇ ಗೆಲ್ಲಬೇಕು ಎಂಬುದು ಕಚೇರಿಯ ನಿಯಮ. ಅದಕ್ಕೆಂದೇ ಹೊಸ ಸಾಫ್ಟ್‌ವೇರಿನಲ್ಲಿ ‘ಬೇಕಾದ ವಿಸ್ತೀರ್ಣಕ್ಕೆ ಹೊಂದಿಸು’ ಎಂಬ ಗುಂಡಿಯಿದೆ. ಎಷ್ಟು ಬೇಕೋ ಅಷ್ಟು ಬರೆದು ಒತ್ತಿದರೆ ಪಾಲಿಗನ್ ತನ್ನ ಆಕಾರ ಕೆಡಿಸಿಕೊಳ್ಳದೆ, ತನ್ನ ಹೊಕ್ಕುಳಿನ ಸುತ್ತ ಎಲ್ಲ ಕಡೆಯಿಂದಲೂ ಸಮವಾಗಿ ಉಬ್ಬುತ್ತದೆ ಇಲ್ಲವೇ ಕುಗ್ಗುತ್ತದೆ. ಗುಂಡಿಯ ಕೆಳಗೆ ಒಂದು ಪುಟ್ಟ ಚೌಕವಿದೆ, ‘ಒಂದು ಅಂಚನ್ನು ಕದಲಿಸಬೇಡ’ ಎಂದು. ಅದಕ್ಕೆ ಟಿಕ್ ಹಾಕಿದರೆ ನಾವು ತೋರಿಸಿದ ಅಂಚು ಇದ್ದಲ್ಲೇ ಇದ್ದು, ಉಳಿದ ಕಡೆ ಮಾತ್ರ ಬದಲಾಗುತ್ತದೆ.

7. ಈ ಗುಂಡಿ ಬರುವ ಮುಂಚೆ ಎಷ್ಟು ಪಟ್ಟು ಎಂದು ನಾವೇ ಹೇಳಬೇಕಿತ್ತು ಎಂಬುದು ತಮಗೆ ನೆನಪಿರಬಹುದು. ಮರೆತಿದ್ದರೆ ಒಳ್ಳೆಯದೇ. ಅರ್ಜಿದಾರ ಹೊಸದಾಗಿ ಸೇರಿದ್ದಾಗ, ನಮ್ಮ ಕಚೇರಿಯ ಸೈಕಲ್ ಸ್ಟ್ಯಾಂಡಿನ ಜಾಗವನ್ನು ನಕ್ಷೆಯಲ್ಲಿ ಎರಡು ಪಟ್ಟು ಮಾಡಲು ತಾವು ಹೇಳಿದಿರಿ. ಅವನು ‘ಎರಡು’ ಎಂದೇ ಒತ್ತಿದ. ಉದ್ದವೂ ಎರಡು ಪಟ್ಟು, ಅಗಲವೂ ಎರಡು ಪಟ್ಟು, ಒಟ್ಟಿಗೆ ನಾಲ್ಕು ಪಟ್ಟಾಗಿ ಸೈಕಲ್ ಸ್ಟ್ಯಾಂಡು ತಮ್ಮ ಗಾಜಿನ ಕೋಣೆಯನ್ನು ನುಂಗಿತು. ಯಾರೂ ಗಮನಿಸದ ಕಾರಣ ಎಷ್ಟೋ ದಿನ ತಾವು ದಾಖಲೆಯ ಪ್ರಕಾರ ಸೈಕಲ್ ಸ್ಟ್ಯಾಂಡಿನಲ್ಲಿ ಕೂತು ಸಹಿ ಹಾಕಿದಿರಿ. ಮನೆಗೆ ಹೋಗಿ ಹೇಳಿದಾಗ ಅಮ್ಮ, “ಎರಡೆರಡ್ಲಿ ನಾಲ್ಕು ಅಂತ ಗೊತ್ತಿಲ್ಲದವನನ್ನ ಕೆಲಸಕ್ಕೆ ತಗೊಂಡ ಪುಣ್ಯಾತ್ಮರು ಯಾರೋ?” ಎಂದು ಕೇಳಿದಳು. ಆ ಪುಣ್ಯಾತ್ಮರು ತಾವೇ ಆಗಿದ್ದರಿಂದ ಅರ್ಜಿದಾರ ಹೆಸರು ಬಿಟ್ಟುಕೊಡದೆ ಊಟಕ್ಕೆ ಕೂತ. ಈ ವಿಷಯ ಇಲ್ಲಿ ಯಾಕೆ ಬಂತೆಂದರೆ, ಲೆಕ್ಕ ತಪ್ಪಿತೆಂದು ತಾವು ಊಹಿಸಬಾರದು. ಈ ಸಲ ಲೆಕ್ಕ ತಪ್ಪಲಿಲ್ಲ, ಬೇರೆ ತಪ್ಪಿತು.

8. ಅರ್ಜಿದಾರ ಅಮ್ಮನ ಪಾಲಿಗನ್ ಹಿಡಿದು ಇನ್ನೂರ ಹತ್ತು ಎಂದು ಬರೆದು ಒತ್ತಿದ. ದೊಡ್ಡಮ್ಮನದನ್ನು ಹಿಡಿದು ಇನ್ನೂರ ಹತ್ತು ಎಂದು ಬರೆದು ಒತ್ತಿದ. ಪುಟ್ಟ ಚೌಕಕ್ಕೆ ಟಿಕ್ ಹಾಕುವುದನ್ನು ಮರೆತ. ಎರಡೂ ಪಾಲಿಗನ್‌ಗಳು ತಮ್ಮ ತಮ್ಮ ಹೊಕ್ಕುಳಿನ ಕಡೆ ಮುದುರಿಕೊಂಡವು. ಬೀದಿಯ ಕಡೆ ಬಿಟ್ಟ ಜಾಗವನ್ನು ಬೀದಿ ನುಂಗಿಕೊಂಡಿತು, ಅದರ ಬಾಯಿ ಯಾವಾಗಲೂ ತೆರೆದೇ ಇರುತ್ತದೆ. ನಡುವೆ ಇಬ್ಬರಿಗೂ ಸೇರಿದ ಒಂದೇ ಗೆರೆಯಿದ್ದ ಕಡೆ ಮಾತ್ರ ಅಮ್ಮ ಒಂದು ಮೊಳ ಹಿಂದೆ ಸರಿದಳು, ದೊಡ್ಡಮ್ಮ ಒಂದು ಮೊಳ ಹಿಂದೆ ಸರಿದಳು. ಪರದೆಯ ಮೇಲೆ ಕೆಂಪಗೆ ಬಂತು: ‘ಖಾಲಿ ಸಂದು. ಮಾಲೀಕರು ಇಲ್ಲ.’ ಅಯ್ಯೋ ಎನಿಸಿತು ಅರ್ಜಿದಾರನಿಗೆ. ತಿದ್ದಲು ಕೈ ಹೋಯಿತು. ಆದರೆ ಹಾಳು ಬುದ್ಧಿ, ತಿದ್ದುವ ಮುಂಚೆ ಇದನ್ನೊಮ್ಮೆ ಆ ಇಬ್ಬರಿಗೂ ತೋರಿಸೋಣ ಎನಿಸಿ ಪ್ರಿಂಟ್ ತೆಗೆದುಕೊಂಡ. ತಿದ್ದದ ನಕ್ಷೆಯನ್ನು ಹೊರಗೆ ಒಯ್ದದ್ದು ತಪ್ಪು. ಹೊಟ್ಟೆಗೆ ಹಾಕಿಕೊಳ್ಳಬೇಕು.

9. ಅಂಗಳದ ಕುರ್ಚಿಯ ಮೇಲೆ ಪ್ರಿಂಟ್ ಹರಡಲಾಯಿತು. ಅಮ್ಮ ಕನ್ನಡಕ ಹಾಕಿಕೊಂಡು ಉದ್ದ ಅಗಲ ಗುಣಿಸಿ ನೋಡಿ, ಸರಿಯಿದೆ ಎಂಬಂತೆ ತಲೆಯಾಡಿಸಿದಳು. ದೊಡ್ಡಮ್ಮ ಹೂಗಿಡಕ್ಕೆ ನೀರು ಹಾಕುವ ನೆಪದಲ್ಲಿ ಹತ್ತಿರ ಬಂದಳು. ಗಿಡಕ್ಕೆ ಆಗಲೇ ಒಂದು ಸಲ ನೀರು ಹಾಕಿಯಾಗಿತ್ತು.

“ಇದು ನಂದು, ಅದು ಅವರದ್ದು,” ಎಂದಳು ಅಮ್ಮ. “ಮಧ್ಯೆ ಈ ಬಿಳಿ ಪಟ್ಟಿ ಯಾರದ್ದು?”

“ಯಾರದ್ದೂ ಅಲ್ಲ.”

“ಯಾರದ್ದೂ ಅಲ್ಲ ಅಂದ್ರೆ ಏನೋ ಅರ್ಥ?” ದೊಡ್ಡಮ್ಮ ಕೇಳಿದಳು.

“ಕಂಪ್ಯೂಟರ್ ಹಾಗೆ ಹೇಳುತ್ತೆ ದೊಡ್ಡಮ್ಮ.”

“ಕಂಬ ಎಲ್ಲಿ ಬಂತು?”

“ಬಿಳಿ ಪಟ್ಟಿಯಲ್ಲಿ.”

“ಅಂದ್ರೆ ಕಂಬ ನಂದಲ್ವಾ?”

“ಅಲ್ಲ.”

“ಅವಳದ್ದೂ ಅಲ್ಲ ತಾನೇ?”

“ಅಲ್ಲ.”

“ಹಾಗಾದ್ರೆ ಸರಿ,” ಎಂದಳು ದೊಡ್ಡಮ್ಮ. ಅಮ್ಮನ ಮುಖದಲ್ಲೂ ಅದೇ ಸಮಾಧಾನ. ತನ್ನದಾಗಲಿಲ್ಲ ಎಂಬ ಬೇಸರ ಎಳ್ಳಷ್ಟೂ ಇಲ್ಲ. ಅಷ್ಟು ದಿನದ ಜಗಳಕ್ಕೆ ಇಬ್ಬರೂ ಒಪ್ಪುವ ತೀರ್ಪು ಸಿಕ್ಕಿತ್ತು, ಅದೂ ಒಂದು ಟಿಕ್ ಮರೆತದ್ದರಿಂದ.

10. ಕಾಗದದ ಮೇಲೆ ನೋಡಿದರೆ ಸಾಲದು, ನೆಲದ ಮೇಲೆ ತೋರಿಸು ಎಂದಳು ಅಮ್ಮ. ಅಳತೆ ಟೇಪಿಗೆ ಎರಡು ತುದಿ, ಸೀಮೆಸುಣ್ಣ ಹಿಡಿಯಲು ಒಂದು ಕೈ. ಅರ್ಜಿದಾರನಿಗೆ ಇರುವುದು ಎರಡೇ ಕೈ. ಆದ ಕಾರಣ ಟೇಪಿನ ಒಂದು ತುದಿಯನ್ನು ಅಮ್ಮನ ಕೈಗೂ ಇನ್ನೊಂದನ್ನು ದೊಡ್ಡಮ್ಮನ ಕೈಗೂ ಕೊಡಲಾಯಿತು.

“ಜಗ್ಗಬೇಡಿ ಅಂತ ಹೇಳು.”

“ಸಡಿಲ ಬಿಟ್ಟರೆ ಅಳತೆ ತಪ್ಪುತ್ತೆ ಅಂತ ಹೇಳು. ಲೆಕ್ಕದ ಟೀಚರ್ ಅಂತೆ.”

ಟೇಪು ಆ ಕಡೆ ಈ ಕಡೆ ಎಳೆದಾಡಿ, ಅರ್ಜಿದಾರನ ಮಂಡಿ ನೆಲಕ್ಕೆ ಉಜ್ಜಿ, ಕೊನೆಗೆ ಅಂಗಳದ ಆ ಕೊನೆಯಿಂದ ಈ ಕೊನೆಗೆ ಎರಡು ಬಿಳಿ ಗೆರೆಗಳು ಬಿದ್ದವು. ನಡುವೆ ಎರಡು ಮೊಳ, ಅದರಲ್ಲಿ ವಾಲಿದ ಕಂಬ.

11. ಮರುದಿನ ರಜೆ. ಮಧ್ಯಾಹ್ನ ದೊಡ್ಡಮ್ಮ ತನ್ನ ಕುರ್ಚಿ ತಂದು ಗೆರೆಗಳ ನಡುವೆ ಹಾಕಿ ಕೂತಳು. “ಯಾರದ್ದೂ ಅಲ್ಲದ ಜಾಗ. ಯಾರನ್ನ ಕೇಳಬೇಕು?” ಎಂದು ಯಾರೂ ಕೇಳದಿದ್ದರೂ ಹೇಳಿದಳು. ಕಿಟಕಿಯಿಂದ ನೋಡಿದ ಅಮ್ಮ, “ಹೀಗೆ ಒಬ್ಬರೇ ಕೂತು ಕೂತು ನಾಳೆ ಅವರದ್ದೇ ಮಾಡ್ಕೊಂಡುಬಿಡ್ತಾರೆ!” ಎಂದು ತನ್ನ ಕುರ್ಚಿಯನ್ನೂ ಪೇಪರನ್ನೂ ಎತ್ತಿಕೊಂಡು ಹೊರಟಳು. ಜಾಗ ಇಕ್ಕಟ್ಟು, ಮೇಲಾಗಿ ಮುಖ ನೋಡುವಂತಿಲ್ಲ. ಆದ್ದರಿಂದ ಬೆನ್ನಿಗೆ ಬೆನ್ನು ಹಾಕಿ ಕೂತರು. ಅಮ್ಮ ಪೇಪರ್ ಬಿಡಿಸಿದಳು.

“ಮೋಡಕ್ಕೆ ಇನ್ನೊಂದು ಹೆಸರು, ಎರಡು ಅಕ್ಷರ,” ಎಂದಳು ಅಮ್ಮ, ಪದಬಂಧ ಓದುತ್ತ, ತನ್ನಷ್ಟಕ್ಕೆ.

“ಮೇಘ,” ಎಂದಳು ದೊಡ್ಡಮ್ಮ, ಕಂಬಕ್ಕೆ.

ಅಮ್ಮ ಬರೆದುಕೊಂಡಳು. ಇಂಥ ಉತ್ತರಗಳು ಕಂಬದ ಮೂಲಕ ಇನ್ನೂ ಹಲವು ಬಂದವು. ಆಮೇಲೆ ದೊಡ್ಡಮ್ಮ ಕಾಲು ನೀಡಿಕೊಂಡಳು. ಓರೆಯಾಗಿ ಕೂತಿದ್ದರಿಂದ ಪಾದ ಗೆರೆ ದಾಟಿ ಅಮ್ಮನ ಅಂಗಳಕ್ಕೆ ಬಂತು.

“ಕಾಲು ತೆಗಿ ಅಕ್ಕ, ನನ್ನ ಕಡೆ ಬಂತು,” ಎಂದಳು ಅಮ್ಮ.

ಅಂದ ಮೇಲೆ ಏನಂದೆ ಎಂದು ಅವಳಿಗೇ ಗೊತ್ತಾಯಿತು. ದೊಡ್ಡಮ್ಮ ಕಾಲು ತೆಗೆಯಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಅರ್ಜಿದಾರ ಲೋಟ ಕೆಳಗಿಟ್ಟು ಕಿವಿಗೊಟ್ಟ.

“ಮಂಡಿ ಹಿಡ್ಕೊಂಡಿದೆ ಪುಟ್ಟಿ,” ಎಂದಳು ದೊಡ್ಡಮ್ಮ. “ಸ್ವಲ್ಪ ಹೊತ್ತು ಅಲ್ಲೇ ಇರಲಿ.”

“ಇರಲಿ ಬಿಡು.”

ಅರ್ಜಿದಾರನಿಗೆ ಅಳು ಬಂತು. ಕಚೇರಿಯ ಭಾಷೆಯಲ್ಲಿ ಇದಕ್ಕೆ ಬೇರೆ ಪದವಿದ್ದರೆ ದಯವಿಟ್ಟು ತಾವೇ ಹಾಕಿಕೊಳ್ಳಬೇಕು.

12. ಹಾಗೆಂದು ರಾಜಿಯಾಯಿತೆಂದು ತಾವು ತಿಳಿಯಬಾರದು. ಗೆರೆಯಿಂದ ಆಚೆ ಕಾಲಿಟ್ಟ ಕೂಡಲೇ ‘ಆಚೆ ಮನೆಯವರಿಗೆ ಹೇಳು’ ಮತ್ತೆ ಶುರುವಾಗುತ್ತದೆ. ಅವರವರ ಜಾಗದಲ್ಲಿ ಅವರವರ ಬಿಗುಮಾನ ಕಾಯುತ್ತ ನಿಂತಿರುತ್ತದೆ. ಆ ಎರಡು ಮೊಳದಲ್ಲಿ ಮಾತ್ರ ಯಾರೂ ಯಾರ ಮನೆಗೂ ಹೋದ ಹಾಗಲ್ಲ, ಯಾರೂ ಯಾರಿಗೂ ಸೋತ ಹಾಗಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಅಲ್ಲಿಗೇ ಬರುತ್ತಾರೆ. ನಗುವುದು ಅಲ್ಲೇ, ಸತ್ತ ಗಂಡಂದಿರನ್ನು ಬೈಯುವುದು ಅಲ್ಲೇ, ಅರ್ಜಿದಾರನಿಗೆ ಕೂದಲು ಉದುರುತ್ತಿರುವ ಬಗ್ಗೆ ಚರ್ಚಿಸುವುದೂ ಅಲ್ಲೇ. ಅಂಗಳ ತೊಳೆದಾಗ ಸೀಮೆಸುಣ್ಣದ ಗೆರೆ ಅಳಿಸಿಹೋಗುತ್ತದೆ. ಆಗ ಟೇಪು ಕೇಳದೆ ತಾವೇ ಎಳೆದುಕೊಳ್ಳುತ್ತಾರೆ, ಅಮ್ಮ ತನ್ನ ಕಡೆಯದು, ದೊಡ್ಡಮ್ಮ ತನ್ನ ಕಡೆಯದು. ಪ್ರತಿ ಸಲವೂ ಗೆರೆ ಎಳೆಯುವವಳ ಮನೆಯ ಕಡೆಗೆ ಚೂರು ಚೂರು ಸರಿಯುತ್ತಿದೆ. ಕುರ್ಚಿಗಳು ಈಗ ಪಕ್ಕಪಕ್ಕದಲ್ಲಿ ಕೂರುತ್ತವೆ. ನಕ್ಷೆಯಲ್ಲಿ ಎರಡೇ ಮೊಳವಿರುವುದು ನೆಲದ ಮೇಲೆ ನಾಲ್ಕಕ್ಕೆ ಹತ್ತಿರವಾಗಿದೆ. ಇದಕ್ಕೆ ಯಾವ ಗುಂಡಿಯನ್ನೂ ಒತ್ತಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ.

13. ಇಂತಿರುವಾಗ ತಮ್ಮ ಕೆಂಪು ಶಾಯಿಯ ಚೀಟಿ ಬಂತು. ಚುಕ್ಕಿ ಅಕ್ಕ ಪರದೆ ನೋಡಿ, “ಇದೇನು ಮಹಾ? ಎರಡನ್ನೂ ಹಿಂದಕ್ಕೆ ತಗೊಂಡು, ನಡುವಿನ ಅಂಚಿಗೆ ಟಿಕ್ ಹಾಕಿ ಮತ್ತೆ ಒತ್ತಿದ್ರೆ ಮುಗೀತು,” ಎಂದರು. ನಿಜ, ಮುಗಿಯುತ್ತದೆ. ಎರಡು ಮನೆಗಳ ನಡುವೆ ಕೂದಲೆಳೆಯಷ್ಟೂ ಸಂದಿಲ್ಲದ ಒಂದು ಗೆರೆ ಬೀಳುತ್ತದೆ, ದೊಡ್ಡಮ್ಮನ ಕೈಗೆ ನಕ್ಷೆ ಬರುತ್ತದೆ. ಆಮೇಲೆ ಅಂಗಳದಲ್ಲಿ ಒಂದೇ ಕುರ್ಚಿ. ವಿಷಯ ತಿಳಿದ ಮೇಲೆ ಚುಕ್ಕಿ ಅಕ್ಕನೂ ಆ ಹಾಳೆಯ ಕಡೆ ನೋಡುವುದನ್ನು ಬಿಟ್ಟಿದ್ದಾರೆ. ಅವರ ಪಾಲಿಗೆ ಇದು ಸಣ್ಣ ತ್ಯಾಗವಲ್ಲ.

“ಅರ್ಧ ಅರ್ಧ ಹಂಚಿಬಿಡ್ರೀ, ಇದರಲ್ಲೇನಿದೆ ರಾಮಾಯಣ?” ಎಂದು ತಾವು ಚಹಾದ ಹೊತ್ತಿನಲ್ಲಿ ಸೂಚಿಸಿದಿರಿ. ಅರ್ಧ ಅರ್ಧ ಹಂಚಿದರೆ ಅದೇ ಹಳೆಯ ಗೆರೆ, ಕಂಬ ಯಾರದ್ದೆಂದು ಅದೇ ಹಳೆಯ ರಾಮಾಯಣ. ‘ದಾರಿ’ ಎಂದು ನಮೂದಿಸಿದರೆ ದಾರಿಯಲ್ಲಿ ಕುರ್ಚಿ ಹಾಕಿದ್ದಕ್ಕೆ ನೋಟಿಸು ಬರುತ್ತದೆ. ಕಚೇರಿಯ ಹೆಸರಿಗೆ ಸೇರಿಸಿದರೆ ಕಂಬಕ್ಕೆ ತಾವೇ ಹೊಣೆಯಾಗುತ್ತೀರಿ, ಒದ್ದೆ ಹೊದಿಕೆಯ ವಿಚಾರಣೆಗೂ ತಾವೇ ಬರಬೇಕಾಗುತ್ತದೆ. ದೊಡ್ಡಮ್ಮನ ದನಿ ತಾವು ಕೇಳಿಲ್ಲ. ದೂರದ ಊರುಗಳಿಗೆ ಲೈನು ಸಿಗದಿದ್ದರೆ ಹಾಗೆಯೇ ಕೂಗಿ ಹೇಳುತ್ತಿದ್ದಳಂತೆ.

14. ಮೊನ್ನೆ ಮನೆ ನೋಡಲು ಔಷಧಿ ಅಂಗಡಿಯವರೊಬ್ಬರು ಬಂದರು. ದೊಡ್ಡಮ್ಮನೇ ಹಿಂದೊಮ್ಮೆ ಹೇಳಿ ಕಳಿಸಿದ್ದಳು. ಅಕ್ಕತಂಗಿಯರಿಬ್ಬರೂ ಗೆರೆಗಳ ನಡುವೆ ಕೂತಿದ್ದರು, ಅರ್ಜಿದಾರ ಮೆಟ್ಟಿಲ ಮೇಲಿದ್ದ.

“ಮನೆ ಚೆನ್ನಾಗಿದೆ. ಗಡಿ ನಕ್ಷೆ ಇದೆಯಾ ಅಮ್ಮ?” ಎಂದು ಅವರು ಕೇಳಿದರು.

ದೊಡ್ಡಮ್ಮ ಸ್ವಲ್ಪ ಹೊತ್ತು ಸೆರಗಿನ ಅಂಚು ಸರಿಮಾಡಿಕೊಂಡಳು. “ನಕ್ಷೆ ಇನ್ನೂ ಆಗಿಲ್ಲ. ಮಧ್ಯೆ ಸ್ವಲ್ಪ ಜಾಗ ಯಾರದ್ದು ಅಂತ ತೀರ್ಮಾನ ಆಗಿಲ್ಲ. ನಮ್ಮ ಹುಡುಗ ಕಚೇರಿಗೆ ಅರ್ಜಿ ಹಾಕಿದಾನೆ. ಅದು ಇತ್ಯರ್ಥ ಆಗೋವರೆಗೆ ನಾನು ಎಲ್ಲಿಗೂ ಹೋಗೋ ಹಾಗಿಲ್ಲ.”

“ಎಷ್ಟು ದಿನ ಆಗಬಹುದು?”

ಈಗ ಮಾತಾಡಿದ್ದು ಅಮ್ಮ. ಅವಳನ್ನು ಯಾರೂ ಕೇಳಿರಲಿಲ್ಲ. “ಆ ಕಚೇರಿ ಸಮಾಚಾರ ನಿಮಗೆ ಗೊತ್ತಿಲ್ವಾ? ನೀವು ಬೇರೆ ಕಡೆ ನೋಡ್ಕೊಳ್ಳೋದು ಒಳ್ಳೇದು.”

ಔಷಧಿ ಅಂಗಡಿಯವರು ಹೋದರು. ಸತ್ಯ ಏನೆಂದರೆ ಅರ್ಜಿದಾರ ಅಲ್ಲಿಯವರೆಗೆ ಯಾವ ಅರ್ಜಿಯನ್ನೂ ಹಾಕಿರಲಿಲ್ಲ. ಇಬ್ಬರೂ ತಿರುಗಿ ಅವನನ್ನು ನೋಡಿದರು.

“ಹಾಕಿದೀಯ ತಾನೇ?” ಎಂದಳು ದೊಡ್ಡಮ್ಮ.

“ಹಾಕ್ತಾನೆ,” ಎಂದಳು ಅಮ್ಮ.

ಜಗಳವಾದಾಗಿನಿಂದ ಇಬ್ಬರೂ ಅರ್ಜಿದಾರನಿಗೆ ಒಂದೇ ಆದೇಶ ಕೊಟ್ಟದ್ದು ಇದೇ ಮೊದಲು. ಆದ್ದರಿಂದ ಉಲ್ಲೇಖ 2 ಮತ್ತು 3 ರದ್ದಾಗಿವೆ ಎಂದು ಪರಿಗಣಿಸಬೇಕು.

15. ಯಾವ ಪಾಲಿಗನ್ನಿನ ಮೇಲೆ ಅರ್ಜಿ ಬಾಕಿ ಇದೆಯೋ ಅದಕ್ಕೆ ಬೀಗ ಬೀಳುತ್ತದೆ, ಅರ್ಜಿ ಇತ್ಯರ್ಥವಾಗುವ ತನಕ ಅದನ್ನು ಯಾರೂ ಹಿಗ್ಗಿಸುವಂತಿಲ್ಲ, ಕುಗ್ಗಿಸುವಂತಿಲ್ಲ, ಮುಟ್ಟುವಂತಿಲ್ಲ ಎಂದು ನಮ್ಮ ಕಚೇರಿಯ ನಿಯಮ ಹೇಳುತ್ತದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಗಾದೆಯ ಅರ್ಥ ಅರ್ಜಿದಾರನಿಗೆ ಈ ನಿಯಮ ಓದಿದ ಮೇಲೆ ತಿಳಿಯಿತು. ಈ ಸಂದನ್ನು ಹೀಗೆಯೇ ಬಿಡಲು ತಾವು ಅನುಮತಿ ಕೊಟ್ಟರೆ ಪ್ರಕರಣ ಇತ್ಯರ್ಥವಾಗುತ್ತದೆ. ಅನುಮತಿ ನಿರಾಕರಿಸಿದರೂ ಇತ್ಯರ್ಥವಾಗುತ್ತದೆ. ಎರಡರಲ್ಲಿ ಯಾವುದಾದರೂ ನಕ್ಷೆ ಕೈಗೆ ಬಂದು ದೊಡ್ಡಮ್ಮ ಪೆಟ್ಟಿಗೆ ಕಟ್ಟಲೇಬೇಕು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಆದ ಕಾರಣ ಅರ್ಜಿದಾರ ಅನುಮತಿಯನ್ನು ಬೇಡುತ್ತಿಲ್ಲ, ನಿರಾಕರಣೆಯನ್ನೂ ಬೇಡುತ್ತಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ತಾವು ದೊಡ್ಡ ಮನಸ್ಸು ಮಾಡಿ ಈ ಅರ್ಜಿಯನ್ನು ಸ್ವೀಕರಿಸಿ, ಸಂಖ್ಯೆ ಕೊಟ್ಟು, ಮೊಹರು ಒತ್ತಿ, ಎರಡೂ ಪಾಲಿಗನ್‌ಗಳಿಗೆ ಬೀಗ ಹಾಕಿಸಿ, ಮುಂದಕ್ಕೆ ಕಳಿಸದೆ, ಹಿಂದಕ್ಕೆ ಕಳಿಸದೆ, ಸ್ಪಷ್ಟನೆ ಕೇಳದೆ, ಒಪ್ಪದೆ, ತಳ್ಳಿಹಾಕದೆ, ಈ ಕಚೇರಿಯು ಇಷ್ಟು ವರ್ಷಗಳಿಂದ ಎಲ್ಲ ಅರ್ಜಿಗಳಿಗೂ ತೋರಿಸುತ್ತ ಬಂದಿರುವ ಅದೇ ಸಾವಧಾನವನ್ನು ಇದಕ್ಕೂ ತೋರಿಸಬೇಕೆಂದು ಕೈಮುಗಿದು ಕೋರಲಾಗಿದೆ.

ತಮ್ಮ ನಿಧಾನದಲ್ಲಿ ಪೂರ್ಣ ನಂಬಿಕೆಯಿಟ್ಟಿರುವ,
ತಮ್ಮ ವಿಶ್ವಾಸಿ,
(ಸಹಿ)
ನಕ್ಷೆಗಾರ, ಎರಡನೇ ದರ್ಜೆ

ಲಗತ್ತುಗಳು:
1. ನಕ್ಷೆಯ ಪ್ರಿಂಟು, ಒಂದು (ಅಂಚಿನಲ್ಲಿ ಬರೆದಿರುವುದು ಪದಬಂಧದ ಉತ್ತರಗಳು, ಅಳತೆಗಳಲ್ಲ).
2. ತಮ್ಮ ಚೀಟಿ, ಸ್ವಲ್ಪ ನೀರು ತಗುಲಿದ ಸ್ಥಿತಿಯಲ್ಲಿ.
3. ಅರ್ಜಿದಾರನ ತಾಯಿ ಮತ್ತು ದೊಡ್ಡಮ್ಮ ಒಂದೇ ಹಾಳೆಯಲ್ಲಿ ಒಬ್ಬರ ಕೆಳಗೊಬ್ಬರು ಹಾಕಿದ ಒಪ್ಪಿಗೆ ಸಹಿ. ಮೊದಲು ಯಾರು ಹಾಕಬೇಕೆಂಬ ವಾದದಲ್ಲಿ ಒಂದು ಹಾಳೆ ಹರಿದಿದ್ದು, ಇದು ಎರಡನೆಯದು.

ವಿಶೇಷ ಸೂಚನೆ: ಸ್ವೀಕೃತಿಯ ಮೊಹರು ಮಾತ್ರ ಇವತ್ತೇ ಬೇಕಾಗಿದೆ, ಸಂಜೆ ಮನೆಯಲ್ಲಿ ತೋರಿಸಬೇಕು. ಉಳಿದದ್ದಕ್ಕೆ ಯಾವ ಅವಸರವೂ ಇಲ್ಲ. ದೊಡ್ಡಮ್ಮನಿಗೆ ಎಪ್ಪತ್ತೊಂದು, ಅಮ್ಮನಿಗೆ ಅರವತ್ತೆಂಟು, ಇಬ್ಬರೂ ಸದ್ಯಕ್ಕೆ ಗಟ್ಟಿಮುಟ್ಟಾಗಿದ್ದಾರೆ. ಅವರಿಬ್ಬರ ಕಾಲ ಮುಗಿದ ಮೇಲೆ ತಾವು ಈ ಅರ್ಜಿಯನ್ನು ನಿಧಾನವಾಗಿ ಓದಿಕೊಂಡರೆ ಸಾಕು.